ಆಮದು ವ್ಯಾನಿಗೆ ಎತ್ತರದ, ಕಿರಿದಾದ ಟೈರ್: ಮೊದಲು ಕೊನೆಯ ಅಂಕಿಯನ್ನು ಓದಿರಿ

ಆಮದಾದ ಟೊಯೋಟಾ ಹೈಏಸ್ ವ್ಯಾನಿನ ಅಗಲ ಟೈರ್ ತೆಗೆಸಿ, ಸಿಂಧನೂರಿನ ನಿಮ್ಮ ಎರೆ (ಕಪ್ಪು ಮಣ್ಣಿನ) ಹೊಲದವರೆಗೂ ಹೋಗಿ ಬರಲು ಎತ್ತರದ, ಕಿರಿದಾದ ಆಫ್‌ರೋಡ್ ಟೈರ್‌ಗಳಲ್ಲಿ ಯಾವುದನ್ನು ಹಾಕಿಸಬೇಕೆಂದು ಕೇಳಿದ್ದೀರಿ. ಇಂಥದೇ ವ್ಯಾನಿಗೆ, ಇದೇ ಆಸೆಯಿಂದ, ಗಂಗಾವತಿಯಲ್ಲಿ ನಾಲ್ಕು ಟೈರ್ ಹಾಕಿಸಿ, ವರ್ಷ ತುಂಬುವುದರೊಳಗೆ ನಾಲ್ಕನ್ನೂ ಕಳೆದುಕೊಂಡವನು ನಾನು.

ಹಿಂದಿನ ಮಾಲೀಕರು ನನ್ನ ವ್ಯಾನಿಗೆ 215/65 ಆರ್ 16 ಅಳತೆಯ (ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ರಿಮ್ 16 ಇಂಚು) ಟೈರ್ ಹಾಕಿಸಿದ್ದರು. ನೋಡಲು ಲಕ್ಷಣವಾಗಿದ್ದರೂ ಗರಸು ದಾರಿಯ ಪ್ರತಿ ಕಲ್ಲೂ ಬೆನ್ನಿಗೆ ತಿಳಿಯುತ್ತಿತ್ತು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಕಂಪನಿ ಮುದ್ರಿಸಿದ್ದ ಅಳತೆ 195 ಆರ್ 15 ಸಿ, ಅದರ ಮುಂದೆ 106/104. ಅಂದರೆ ಮೂಲ ಟೈರೇ 20 ಮಿ.ಮೀ. ಕಿರಿದು, ಪಕ್ಕದ ಗೋಡೆಯೂ ಎತ್ತರ. ನನಗೆ ಬೇಕಾಗಿದ್ದುದು ಅದೇ. ಆದರೆ ಅಂಗಡಿಯಲ್ಲಿ ಅದು ಇರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿಸಿದ ಮೇಲೆ ಇಂಥ ಅಳತೆಗಳನ್ನು ಹುಡುಕುವುದು ಇನ್ನಷ್ಟು ಕಷ್ಟವಾಗಿದೆ. ಅಂಗಡಿಯವರು 195/80 ಆರ್ 15 ತೋರಿಸಿ, "ಎರಡೂ ಒಂದೇ ಸರ್, ಮಾರುತಿ ಜಿಮ್ನಿ ಜೀಪಿಗೆ ಬರುವ ಅಳತೆ" ಎಂದರು. ನಾನು ಟೇಪು ಹಿಡಿದು ಅಳೆದೆ. ಎತ್ತರ 69 ಸೆಂ.ಮೀ., ಅಗಲವೂ ಸರಿ. ಖುಷಿಯಿಂದ ಹಣ ಕೊಟ್ಟೆ.

ನಾನು ಓದದೆ ಬಿಟ್ಟದ್ದು ಆ ಟೈರಿನ ಅಳತೆಯ ಬಾಲದಲ್ಲಿದ್ದ 96 ಎಂಬ ಅಂಕಿಯನ್ನು. ಅದು ಕಿಲೋ ಲೆಕ್ಕವಲ್ಲ, ಒಂದು ಟೈರ್ ಎಷ್ಟು ಭಾರ ಹೊರಬಲ್ಲದೆಂಬುದರ ಸಂಕೇತ. 96ಕ್ಕೆ 710 ಕಿಲೋ, 106ಕ್ಕೆ 950 ಕಿಲೋ. ಓರೆಗೆರೆಯ ನಂತರದ 104 ಅಚ್ಚಿನ ಒಂದೊಂದು ತುದಿಗೆ ಎರಡೆರಡು ಚಕ್ರವಿರುವ ಗಾಡಿಗಳಿಗೆ ಅನ್ವಯಿಸುವುದರಿಂದ ನಮಗೆ ಸಂಬಂಧವಿಲ್ಲ. ಹತ್ತೇ ಅಂಕಿಯ ಅಂತರದಂತೆ ಕಾಣುವುದು ಒಂದು ಟೈರಿಗೆ 240 ಕಿಲೋ, ಹಿಂದಿನ ಅಚ್ಚಿಗೆ 480 ಕಿಲೋ. ಕೊನೆಯ 'ಸಿ' ಅಕ್ಷರವೂ ಅಲಂಕಾರಕ್ಕೆ ಇರುವುದಲ್ಲ: ಅದು ವಾಣಿಜ್ಯ ವಾಹನದ ಟೈರ್, ಒಳಗಿನ ಪದರಗಳು ಗಟ್ಟಿ, 65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಕೊಂಡು ಭಾರ ಹೊರುವಂಥದ್ದು. ಕಾರಿನ ಟೈರ್ ತನ್ನ ಪೂರ್ಣ ಭಾರವನ್ನು ಸುಮಾರು 36 ಪಿಎಸ್‌ಐನಲ್ಲಿಯೇ ಹೊತ್ತು ಮುಗಿಸಿರುತ್ತದೆ. ಮೇಲೆ ಎಷ್ಟು ಗಾಳಿ ತುಂಬಿದರೂ ಅದರ ಶಕ್ತಿ ಹೆಚ್ಚುವುದಿಲ್ಲ. ನಾನು ಹೆಚ್ಚುತ್ತದೆಂದು ನಂಬಿ ತುಂಬಿಸುತ್ತಿದ್ದೆ.

ಮೇ ತಿಂಗಳಲ್ಲಿ ರಾಯಚೂರಿನ ಒಂದು ಮದುವೆಗೆ ಎಂಟು ಜನ ಮತ್ತು 25 ಕಿಲೋದ ಇಪ್ಪತ್ತು ಚೀಲ ಸೋನಾ ಮಸೂರಿ ಹೇರಿಕೊಂಡು ಹೊರಟೆವು. ಕಾರಟಗಿ, ಸಿಂಧನೂರು ದಾಟಿ, ಮಾನ್ವಿಯ ಆಚೆ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನ ಎಡ ಟೈರಿನ ಮೇಲ್ಪಟ್ಟಿ ತೊಗಲಿನಂತೆ ಸುಲಿದು ಮಡ್‌ಗಾರ್ಡನ್ನು ಹರಿದುಹಾಕಿತು. ಯಾರಿಗೂ ಪೆಟ್ಟಾಗಲಿಲ್ಲ. ಅಕ್ಕಿ ಟಾಟಾ ಏಸ್‌ನಲ್ಲಿ ಮುಂದೆ ಹೋಯಿತು. ನಾವು ತಲುಪುವಷ್ಟರಲ್ಲಿ ಅದೇ ಅಕ್ಕಿಯ ಅನ್ನವನ್ನು ಎರಡನೇ ಪಂಕ್ತಿಗೆ ಬಡಿಸುತ್ತಿದ್ದರು. ಊರಿಗೆ ಮರಳಿದ ಮೇಲೆ ಅಷ್ಟೇ ಜನ, ಅಷ್ಟೇ ಚೀಲ ಹೇರಿ, ಹಿಂದಿನ ಚಕ್ರಗಳನ್ನು ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿದೆ: 1,650 ಕಿಲೋ. ಆ ಎರಡು ಟೈರ್‌ಗಳ ಶಕ್ತಿ 1,420. ಉಳಿದ ಮೂರನ್ನೂ ಅಂದೇ ತೆಗೆಸಿದೆ.

ಇನ್ನು ನಿಮ್ಮ ಮೂಲ ಕಲ್ಪನೆಯನ್ನೇ ನಾನು ಒಪ್ಪುವುದಿಲ್ಲ. ಕಿರಿದಾದ ಟೈರ್ ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ ಎನ್ನುವುದು ನಿಜ, ಆದರೆ ಕೆಳಗೆ ಗಟ್ಟಿ ನೆಲ ಇರಬೇಕು. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ, ಮೇಲೆ ನಾಲ್ಕು ಬೆರಳು ಕೆಸರಿರುವ ಗರಸು ರಸ್ತೆಯಲ್ಲಿ ಅದು ಸಿಗುತ್ತದೆ. ನೀರು ಕುಡಿದು ಉಬ್ಬುವ ಎರೆ ಮಣ್ಣಿನಲ್ಲಿ ಚಕ್ರ ಕಿರಿದಾದಷ್ಟೂ ಆಳಕ್ಕೆ ಇಳಿಯುತ್ತದೆ, ಹಲ್ಲುಗಳ ಸಂದಿಯಲ್ಲಿ ಮಣ್ಣು ಮೆತ್ತಿಕೊಂಡು ಟೈರ್ ಬೋಳಾಗುತ್ತದೆ, ಹಿಂಚಕ್ರ ಚಾಲನೆಯ ವ್ಯಾನಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗುತ್ತ ಗುಂಡಿ ತೋಡುತ್ತದೆ. ನಮ್ಮ ಕಡೆ ಗದ್ದೆಗೆ ಇಳಿಸುವ ಟ್ರ್ಯಾಕ್ಟರಿಗೇ, ಹೂತುಹೋಗದಿರಲೆಂದು, ಕೇಜ್ ವೀಲ್ (ಕಬ್ಬಿಣದ ಅಗಲ ಪಂಜರ ಚಕ್ರ) ಕಟ್ಟುವುದನ್ನು ನೀವೂ ನೋಡಿದ್ದೀರಿ. ಹಳೆಯ ಬಂಡಿಯ ಗಾಲಿ ಎತ್ತರವೂ ಕಿರಿದೂ ಆಗಿರಲಿಲ್ಲವೇ ಎಂದು ಕೇಳಬಹುದು. ಹಸಿ ಎರೆಗೆ ಬಂಡಿ ಇಳಿಸಲು ನಮ್ಮ ಅಜ್ಜ ಒಪ್ಪುತ್ತಿರಲಿಲ್ಲ.

ಮೂಲ ಅಳತೆಗಿಂತಲೂ ಎತ್ತರಕ್ಕೆ, ಉದಾಹರಣೆಗೆ 205/80 ಆರ್ 16ಕ್ಕೆ ಹೋದರೆ, ಟೈರ್ 4 ಸೆಂ.ಮೀ. ಬೆಳೆದರೂ ಅಚ್ಚಿನ ಕೆಳಗೆ ಸಿಗುವುದು ಎರಡೇ ಸೆಂ.ಮೀ.; ಮೀಟರ್ 60 ತೋರಿಸುವಾಗ ಗಾಡಿ 63ರ ಮೇಲೆ ಓಡುತ್ತಿರುತ್ತದೆ. ಆ ಎರಡು ಸೆಂ.ಮೀ.ಗಾಗಿ ಖರ್ಚು ಮಾಡಬೇಡಿರಿ. ಚೀಟಿಯಲ್ಲಿರುವ ಅಳತೆಯನ್ನೇ, 'ಸಿ' ಅಕ್ಷರ ಮತ್ತು 106ಕ್ಕೆ ಕಡಿಮೆಯಿಲ್ಲದ ಅಂಕಿಯೊಂದಿಗೆ ತರಿಸಿಕೊಳ್ಳಿರಿ, ತಿಂಗಳು ಕಾದರೂ ಚಿಂತೆಯಿಲ್ಲ. ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕಂಕಿಯನ್ನೂ ನೋಡಿರಿ. 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು, ಬೇಡವೆನ್ನಿರಿ.

ನನ್ನ ವ್ಯಾನಿಗೆ ಈಗ ಅದೇ ಟೈರ್ ಇದೆ. ಮಳೆ ಬಿದ್ದ ದಿನ ಅದನ್ನು ಕಾಲುವೆ ಏರಿಯ ಮೇಲೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊಲಕ್ಕೆ ನಡೆದೇ ಹೋಗುತ್ತೇನೆ.