ಸಂಪಾದಕರ ಉತ್ತರ: ವಿಶ್ವಾಸಿ ಬರೆದದ್ದು ಇತಿಹಾಸವಾದೀತೇ?

ಮಾನ್ಯರೇ,

ತತ್ತ್ವಶಾಸ್ತ್ರದ ಫ್ರೆಂಚ್ ಇತಿಹಾಸಕಾರ ಎತಿಯೆನ್ ಜಿಲ್ಸನ್ ಅವರನ್ನು ಕುರಿತು ನಾವು ಪ್ರಕಟಿಸಿದ ಲೇಖನಕ್ಕೆ ತಾವು ಬರೆದ ಪತ್ರ ತಲುಪಿದೆ. ಕ್ಯಾಥೊಲಿಕ್ ವಿಶ್ವಾಸಿಯೊಬ್ಬರು ಬರೆದ ಮಧ್ಯಯುಗದ ತತ್ತ್ವಶಾಸ್ತ್ರದ ಚರಿತ್ರೆ ಸ್ವಮತ ಸಮರ್ಥನೆಯಾದೀತೇ ಹೊರತು ಇತಿಹಾಸವಾಗದು ಎಂಬುದು ತಮ್ಮ ಆಕ್ಷೇಪ. ಲೇಖನದಲ್ಲಿ ಅವರ ಸಂಶೋಧನೆಯ ದಾರಿಯನ್ನು ನಾವು ವಿವರಿಸಬೇಕಿತ್ತು. ಆ ಕೊರತೆಯನ್ನು ಇಲ್ಲಿ ತುಂಬಲು ಯತ್ನಿಸುತ್ತೇನೆ.

1884ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಜಿಲ್ಸನ್ ಮಧ್ಯಯುಗಕ್ಕೆ ಬಂದದ್ದು ಚರ್ಚಿನ ಮೂಲಕವಲ್ಲ, ಹದಿನೇಳನೆಯ ಶತಮಾನದ ಫ್ರೆಂಚ್ ದಾರ್ಶನಿಕ ದೇಕಾರ್ತನ ಮೂಲಕ. ದೇಕಾರ್ತನಿಗೂ ಮಧ್ಯಯುಗದ ಪಂಡಿತರಿಗೂ ಇದ್ದ ನಂಟನ್ನು ಶೋಧಿಸುವಂತೆ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸೂಚಿಸಿದ ಪ್ರಾಧ್ಯಾಪಕ ಲೂಸಿಯೆನ್ ಲೆವಿ-ಬ್ರೂಲ್ ಯಹೂದಿ ಮನೆತನದವರು. ಗ್ರೀಕರ ಬಳಿಕ ತತ್ತ್ವಚಿಂತನೆ ದೇಕಾರ್ತನಿಂದಲೇ ಮತ್ತೆ ಮೊದಲಾಯಿತೆಂದು ಆಗ ಹಲವರು ನಂಬಿದ್ದರು. ಜಿಲ್ಸನ್ 1913ರಲ್ಲಿ ಸಿದ್ಧಪಡಿಸಿದ ಪದಸೂಚಿಯನ್ನು ನೋಡಿದರೆ ಆ ನಂಬಿಕೆ ಏಕೆ ಸಡಿಲವಾಯಿತೆಂದು ತಿಳಿಯುತ್ತದೆ. ಅದರಲ್ಲಿ ದೇಕಾರ್ತ್ ಬಳಸಿದ ಪದಗಳು ಅಕಾರಾದಿಯಾಗಿ ಬರುತ್ತವೆ. ಅವುಗಳ ಜೊತೆಗೇ ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್, ದೇಕಾರ್ತನಿಗೆ ತುಸು ಹಿಂದಿನ ಸ್ಪೇನಿನ ಸುವಾರೆಜ್, ಪೋರ್ಚುಗಲಿನ ಕೊಯಿಂಬ್ರಾದಲ್ಲಿ ಅರಿಸ್ಟಾಟಲನಿಗೆ ವ್ಯಾಖ್ಯಾನ ಬರೆದವರು ಮುಂತಾದವರ ಲ್ಯಾಟಿನ್ ವಾಕ್ಯಗಳಿವೆ. ಅಲ್ಲಿ ವಾದವಿಲ್ಲ, ಪಾಠಗಳಷ್ಟೇ ಇವೆ. ಸಾಲು ಸಾಲಾಗಿ ಹೋಲಿಸಿ ನೋಡುವ ಅವಕಾಶ ಓದುಗನಿಗೇ ಇದೆ.

ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ವೆರ್ದನ್ನಿನಲ್ಲಿ ಜರ್ಮನರಿಗೆ ಸೆರೆಸಿಕ್ಕ ಜಿಲ್ಸನ್ ಯುದ್ಧ ಮುಗಿಯುವ ತನಕ ಶಿಬಿರದಲ್ಲಿದ್ದುಕೊಂಡೇ ಥಾಮಸನ ಸಮಕಾಲೀನ ಚಿಂತಕ ಬೊನವೆಂಚರನನ್ನು ಓದಿದರು. 1924ರಲ್ಲಿ ಬಂದ ಅವರ ಬೊನವೆಂಚರ್ ಕುರಿತ ಗ್ರಂಥವೇ ತಮ್ಮ ಆಕ್ಷೇಪಕ್ಕೆ ನಾನು ಕೊಡಬಲ್ಲ ಬಲವಾದ ಉತ್ತರ. ಮಧ್ಯಯುಗದ ಪಂಡಿತರೆಲ್ಲರಿಗೂ ಸಮಾನವಾದ ಒಂದೇ ದರ್ಶನವಿತ್ತೆಂದು ಅಂದಿನ ಕ್ಯಾಥೊಲಿಕ್ ವಿದ್ವಾಂಸರಲ್ಲಿ ಪ್ರಮುಖರಾದ ಮೊರಿಸ್ ದ ವುಲ್ಫ್ ಪ್ರತಿಪಾದಿಸಿದ್ದರು. ಬೊನವೆಂಚರನ ದಾರಿ ಬೇರೆ, ಥಾಮಸನ ದಾರಿ ಬೇರೆ ಎಂದು ಜಿಲ್ಸನ್ ತೋರಿಸಿದಾಗ ಥಾಮಸನ ಸಂನ್ಯಾಸಿ ಸಂಘವಾದ ಡೊಮಿನಿಕನ್ ಪಂಗಡದ ವಿದ್ವಾಂಸ ಪಿಯೆರ್ ಮಾಂದೊನ್ನೆ ಅದನ್ನು ವಿರೋಧಿಸಿದರು. ಸ್ವಮತ ಸಮರ್ಥನೆಯೇ ಗುರಿಯಾಗಿದ್ದರೆ ಸ್ವಮತೀಯರಿಗೇ ಹಿಡಿಸದ ಈ ನಿಲುವನ್ನು ಅವರು ತಾಳುತ್ತಿರಲಿಲ್ಲ.

ಕ್ರೈಸ್ತ ಗಣಿತ, ಕ್ರೈಸ್ತ ಭೌತಶಾಸ್ತ್ರ ಇರಲಾರದಂತೆ ಕ್ರೈಸ್ತ ತತ್ತ್ವಶಾಸ್ತ್ರವೂ ಇರಲಾರದು ಎಂಬ, ತತ್ತ್ವಶಾಸ್ತ್ರದ ಇನ್ನೊಬ್ಬ ಫ್ರೆಂಚ್ ಇತಿಹಾಸಕಾರ ಎಮಿಲ್ ಬ್ರೆಯೆ ಅವರ ವಾದವನ್ನು ತಾವೂ ಎತ್ತಿದ್ದೀರಿ. 1931ರಲ್ಲಿ ಪ್ಯಾರಿಸ್ಸಿನಲ್ಲಿ ಇಬ್ಬರೂ ಮುಖಾಮುಖಿಯಾದಾಗ ಜಿಲ್ಸನ್ ಅದನ್ನು ಇತಿಹಾಸದ ಪ್ರಶ್ನೆಯನ್ನಾಗಿ ತಿರುಗಿಸಿದರು: ಕ್ರೈಸ್ತ ಶ್ರುತಿ, ಅಂದರೆ ದೇವರೇ ತಿಳಿಸಿದ್ದೆಂದು ಕ್ರೈಸ್ತರು ನಂಬುವ ವಾಕ್ಯ, ಇಲ್ಲದಿದ್ದರೆ ಹುಟ್ಟಲಾರದಂಥ ವಿಚಾರಗಳು ತತ್ತ್ವಶಾಸ್ತ್ರದಲ್ಲಿ ಇವೆಯೇ? ಬೈಬಲ್ಲಿನ ವಿಮೋಚನಕಾಂಡದಲ್ಲಿ ದೇವರು ಮೋಶೆಗೆ ತನ್ನನ್ನು ‘ಇರುವಾತನು’ ಎಂದು ಕರೆದುಕೊಳ್ಳುತ್ತಾನೆ. ಅದು ತತ್ತ್ವಮೀಮಾಂಸೆಯ ಮಾತಲ್ಲ. ಆದರೆ ‘ಇರುವಿಕೆ’ ಎಂದರೇನೆಂದು ಮಧ್ಯಯುಗದ ಚಿಂತಕರು ಶತಮಾನಗಳ ಕಾಲ ತರ್ಕಿಸಿದ್ದು ಆ ಮಾತನ್ನು ಹಿಡಿದೇ. ಒಂದು ವಿಚಾರ ಎಲ್ಲಿಂದ ಬಂತು ಎಂಬುದೂ ಅದು ತರ್ಕಕ್ಕೆ ನಿಲ್ಲುತ್ತದೆಯೇ ಎಂಬುದೂ ಬೇರೆಬೇರೆ ಪ್ರಶ್ನೆಗಳು. ಈ ಭೇದ ನನಗೆ ಸರಿಯೆನಿಸುತ್ತದೆ.

ತಮ್ಮ ಮಾತು ನಿಜವಾಗುವ ಜಾಗವೂ ಒಂದಿದೆ. ಮುಂದೆ 1948ರ ಹೊತ್ತಿಗೆ ಸತ್ತೆ (ವಸ್ತುವಿನ ಇರುವಿಕೆ) ಮತ್ತು ಸಾರವನ್ನು (ಅದು ಏನೆಂಬುದನ್ನು) ಕುರಿತು ಬರೆಯುವಾಗ ಅವರು ಉಳಿದ ದಾರ್ಶನಿಕರನ್ನೆಲ್ಲ ಥಾಮಸನ ಅಳತೆಗೋಲಿನಿಂದಲೇ ಅಳೆಯುತ್ತಾರೆ. ಅಲ್ಲಿ ಮಾತನಾಡುವವನು ಇತಿಹಾಸಕಾರನಿಗಿಂತ ಹೆಚ್ಚಾಗಿ ದಾರ್ಶನಿಕ, ಅದರಲ್ಲೂ ಪಕ್ಷ ಹಿಡಿದ ದಾರ್ಶನಿಕ. ಆದ್ದರಿಂದ ತಾವು ಜಿಲ್ಸನ್ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ 1931–32ರಲ್ಲಿ ಕೊಟ್ಟ, ಆಮೇಲೆ ‘ಮಧ್ಯಯುಗದ ತತ್ತ್ವಶಾಸ್ತ್ರದ ಚೈತನ್ಯ’ (The Spirit of Mediaeval Philosophy) ಎಂಬ ಪುಸ್ತಕವಾದ ಉಪನ್ಯಾಸಗಳಿಂದ ತೊಡಗಬೇಕೆಂದು ನನ್ನ ಕೋರಿಕೆ. ಟಿಪ್ಪಣಿಗಳನ್ನು ಮಾತ್ರ ಬಿಡಬೇಡಿ. ಅವರು ಆಧಾರವಾಗಿಟ್ಟ ಮೂಲವಾಕ್ಯಗಳು ಅಲ್ಲಿವೆ. ಓದಿದ ಮೇಲೂ ಆಕ್ಷೇಪ ಉಳಿದರೆ ದಯವಿಟ್ಟು ಬರೆಯಿರಿ, ಪ್ರಕಟಿಸುತ್ತೇವೆ.