ಬೇಸಿಗೆಯಲ್ಲಿ ಟೊಮೆಟೊ ಗಿಡಕ್ಕೆ ಎಷ್ಟು ಬಿಸಿಲು, ಎಷ್ಟು ನೆರಳು?

ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕೇ ಬೇಕು. ಕಡಿಮೆಯಾದರೆ ಗಿಡ ಸಪೂರವಾಗಿ ಉದ್ದಕ್ಕೆ ಹೋಗುತ್ತದೆ, ಕಾಯಿ ಕಚ್ಚುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳ ರಾಯಚೂರು, ಕಲಬುರಗಿ ತಾರಸಿಯ ಮಾತೇ ಬೇರೆ. ಬಿಸಿ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಕೆಟ್ಟು, ಹೂವು ತೊಟ್ಟಿನ ಗೆಣ್ಣಿನಲ್ಲೇ ಕಳಚಿ ಬೀಳುತ್ತದೆ. ಆಗ ಗೊಬ್ಬರ ಸುರಿದು ಪ್ರಯೋಜನವಿಲ್ಲ.

ಕುಂಡವನ್ನು ಬೆಳಗಿನ ಬಿಸಿಲು ಬೀಳುವ ಪೂರ್ವದ ಕಡೆ ಇಡಿ. ಮಧ್ಯಾಹ್ನ 12ರಿಂದ 4ರವರೆಗೆ ಬಿಸಿಲಿನ ಶೇ 35ರಷ್ಟನ್ನು ತಡೆಯುವ ಶೇಡ್ ನೆಟ್ (ನೆರಳಿನ ಬಲೆ) ಸಾಕು. ಶೇ 75ರದ್ದು ಖಂಡಿತ ಬೇಡ. ಗಿಡದ ತುದಿಯಿಂದ ಎರಡಡಿ ಮೇಲೆ ಕಟ್ಟಿ, ಎಲೆಗೆ ತಾಗಿದರೆ ಗಾಳಿಯಾಡದು. ಕಾಯಿಯ ಬಿಸಿಲ ಮಗ್ಗುಲಲ್ಲಿ ಬಿಳಿಚಿದ, ಕಾಗದದಂಥ ಕಲೆ ಕಂಡರೆ ಅದು ರೋಗವಲ್ಲ, ಬಿಸಿಲಿಗೆ ಸುಟ್ಟದ್ದು. ಹೆಚ್ಚಾಗಿ ಎಲೆ ಅತಿಯಾಗಿ ಸವರಿದ ಗಿಡದಲ್ಲೇ ಹೀಗಾಗುತ್ತದೆ. ಮೋಡ ಕವಿಯುವ ಜೂನ್‌ನಲ್ಲಿ ನೆಟ್ ಬಿಚ್ಚಿಬಿಡಿ.