ದೊಡ್ಡ ಮಳಿಗೆಗೆ ಬಾಡಿಗೆ ಕಡಿಮೆ ಯಾಕೆ?

ಪ್ರಿಯ ಓದುಗರೇ,

ಊರಂಚಿನ ಮಾಲ್‌ನಲ್ಲಿ ಅಂಗಡಿ ಹಿಡಿಯಲು ನಿಮ್ಮ ತಮ್ಮ ಹೊರಟಿದ್ದಾರೆ. ಅಲ್ಲಿ ದೊಡ್ಡ ಮಳಿಗೆಗೆ ಚದರ ಅಡಿ ಲೆಕ್ಕದಲ್ಲಿ ಬಾಡಿಗೆ ಕಡಿಮೆ, ಸಣ್ಣವರಿಗೆ ಜಾಸ್ತಿ. ಇದು ಅನ್ಯಾಯ ಅಲ್ವಾ, ಹೇಗೂ ಆನ್‌ಲೈನ್ ವ್ಯಾಪಾರ ಇಂಥ ಮಾಲ್‌ಗಳನ್ನು ಮುಚ್ಚಿಸುತ್ತದಲ್ಲವೇ ಎಂದು ಕೇಳಿದ್ದೀರಿ.

ತಾರತಮ್ಯವೇನೋ ನಿಜ. ಆದರೆ ಅದರ ಹಿಂದೆ ಒಂದು ಲೆಕ್ಕವಿದೆ. ಪೇಟೆ ಬೀದಿಯಲ್ಲಿ ಜನ ಹೇಗೂ ಓಡಾಡುತ್ತಾರೆ. ಊರಾಚೆಗೆ ಯಾರೂ ಸುಮ್ನೆ ಬರುವುದಿಲ್ಲ, ಏನಾದರೂ ನೆಪ ಬೇಕು. ಆ ನೆಪವೇ ಹೆಸರಾಂತ ದೊಡ್ಡ ಮಳಿಗೆ. ಇದನ್ನು ಆಂಕರ್ ಸ್ಟೋರ್ ಎನ್ನುತ್ತಾರೆ. ಅದು ಬರುತ್ತದೆಂದು ಗೊತ್ತಾದರೆ ಮಾಲಿಕನಿಗೆ ಸಾಲ ಸಿಗುವುದು ಸುಲಭ, ಉಳಿದ ಅಂಗಡಿಯವರೂ ಮುಂದೆ ಬರುತ್ತಾರೆ. ಹಾಗಾಗಿ ಚೌಕಾಸಿಯಲ್ಲಿ ಅದರದೇ ಮೇಲುಗೈ. ಅಂಥ ಎರಡು ಮಳಿಗೆಗಳನ್ನು ಎರಡು ತುದಿಗೆ ಇಡುವುದು ಹಳೆಯ ಪದ್ಧತಿ. ನಡುವೆ ನಡೆದು ಹೋಗುವವರೇ ಸಣ್ಣ ಅಂಗಡಿಗಳ ಗಿರಾಕಿಗಳು. ನಿಮ್ಮ ತಮ್ಮ ಜಾಸ್ತಿ ಕೊಡುವುದು ಜಾಗಕ್ಕಲ್ಲ, ಆ ಓಡಾಟಕ್ಕೆ.

ಈ ಮಾದರಿಯನ್ನು ಅಮೆರಿಕದಲ್ಲಿ ರೂಢಿಗೆ ತಂದವರಲ್ಲಿ ಮುಖ್ಯರು ವಿಯೆನ್ನಾದಲ್ಲಿ ಹುಟ್ಟಿದ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್. ಅವರ ಸೌತ್‌ಡೇಲ್ ಮಾಲ್ ಮಿನ್ನೆಸೋಟದ ಎಡೈನಾದಲ್ಲಿ 1956ರಲ್ಲಿ ತೆರೆಯಿತು. ಸುತ್ತ ಮನೆ, ಶಾಲೆ, ಆಸ್ಪತ್ರೆ, ಕೆರೆ ಎಲ್ಲ ಇರಬೇಕೆಂದು ಅವರ ಆಸೆ. ಹೆಚ್ಚಾಗಿ ಬಂದದ್ದು ಪಾರ್ಕಿಂಗ್ ಜಾಗ! ಕೊನೆಗಾಲದಲ್ಲಿ ಇಂಥ ಮಾಲ್‌ಗಳಿಗೂ ತಮಗೂ ಸಂಬಂಧವಿಲ್ಲ ಎಂದುಬಿಟ್ಟರು. ಅವರ ಸಿಟ್ಟು ಸರಿಯೇ. ಆದರೆ ಜಮೀನಿನ ಬೆಲೆ ಏರುವಾಗ ಯಾವ ಬಿಲ್ಡರ್ ಕೆರೆ ತೋಡಿಸಿಯಾನು?

ಆನ್‌ಲೈನ್ ಬಗ್ಗೆ ನೀವು ಹೇಳಿದ್ದು ಅರ್ಧ ನಿಜ. ಮಾಲ್‌ಗಳು ಮುಚ್ಚಲು ಇನ್ನೊಂದು ಕಾರಣ, ಬೇಕಾದದ್ದಕ್ಕಿಂತ ಹೆಚ್ಚು ಕಟ್ಟಿದ್ದು. ಕಟ್ಟಡದ ಖರ್ಚನ್ನು ಬೇಗನೆ ತೆರಿಗೆ ಲೆಕ್ಕದಲ್ಲಿ ಕಳೆಯಲು ಅಮೆರಿಕ 1954ರಲ್ಲಿ ಅವಕಾಶ ಕೊಟ್ಟಿತು. ಬೇಡದ ಕಡೆಯೂ ಮಾಲ್‌ಗಳು ಎದ್ದವು. ಓಹಾಯೋದ ರ್‍ಯಾಂಡಲ್ ಪಾರ್ಕ್ ಮಾಲ್ ತೆರೆದಾಗ ಭಾರೀ ದೊಡ್ಡದೆಂದು ಹೆಸರಾಗಿತ್ತು. ಮಳಿಗೆಗಳು ಒಂದೊಂದಾಗಿ ಖಾಲಿಯಾಗಿ 2009ರಲ್ಲಿ ಮುಚ್ಚಿತು. ಈಗ ಆ ಜಾಗದಲ್ಲಿರುವುದು ಅಮೆಜಾನ್ ಗೋದಾಮು.

ಆಂಕರ್ ಸ್ಟೋರ್ ಹೋದರೆ ಬಾಡಿಗೆ ಇಳಿಸಬೇಕು, ಇಲ್ಲವೇ ಕರಾರು ಮುರಿಯಲು ಬಿಡಬೇಕು ಎಂಬ ಷರತ್ತನ್ನು ದೊಡ್ಡ ಬ್ರ್ಯಾಂಡ್‌ಗಳು ಮೊದಲೇ ಬರೆಸಿಕೊಂಡಿರುತ್ತವೆ. ಒಂದು ಬಾಗಿಲು ಮುಚ್ಚಿದರೆ ಸಾಲಾಗಿ ಉಳಿದವೂ ಖಾಲಿಯಾಗಲು ಇದೂ ಒಂದು ಕಾರಣ. ಬಾಡಿಗೆಗೆ ಚೌಕಾಸಿ ಮಾಡುವುದಕ್ಕಿಂತ ಈ ಷರತ್ತಿಗೆ ಪಟ್ಟು ಹಿಡಿಯಲು ತಮ್ಮನಿಗೆ ಹೇಳಿ. ದೊಡ್ಡ ಮಳಿಗೆಯ ಕರಾರು ಇನ್ನೆಷ್ಟು ವರ್ಷ ಇದೆ ಎಂದೂ ಕೇಳಲಿ.

– ಸಂಪಾದಕ